ಗಂಧದ ಹಾರ ಹಾಕಿಸಿಕೊಂಡ ಪುಸ್ತಕ

ರಾಣೆಬೆನ್ನೂರಿನ ಪುಷ್ಪಲತಾ ಪುಸ್ತಕಗಳಿಗೆ ಶೃಂಗಾರ ಮಾಡುತ್ತಾಳೆ ಎಂದರೆ ಮೊದಮೊದಲು ಜನ ನಗುತ್ತಿದ್ದರು. ಮದುಮಗಳಿಗೆ ಮಾಡುವುದು ಕೇಳಿದ್ದೇವೆ, ಕಾರಹುಣ್ಣಿಮೆಗೆ ಎತ್ತಿಗೆ ಮಾಡುವುದು ಕಂಡಿದ್ದೇವೆ, ಪುಸ್ತಕಕ್ಕೇನು ಧಾಡಿ ಬಂತು ಎನ್ನುತ್ತಿದ್ದರು. ಈಗ ಹಾವೇರಿ ಜಿಲ್ಲೆಯಲ್ಲಿ ಓದುವವರಿಗಿಂತ ಬರೆಯುವವರೇ ಹೆಚ್ಚಾಗಿದ್ದಾರೆ. ಬರೆದವರೆಲ್ಲ ತಮ್ಮ ಪುಸ್ತಕದ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿ, ಯಾರು ಲೈಕು ಕೊಟ್ಟರು ಯಾರು ಕೊಡಲಿಲ್ಲ ಎಂದು ಹಲ್ಲು ಕಡಿಯುತ್ತ ಕೂರುವ ಕಾಲ ಇದು. ಆದ್ದರಿಂದ ಈಗ ಯಾರೂ ನಗುವುದಿಲ್ಲ, ಪಾಳಿ ಹಚ್ಚುತ್ತಾರೆ.

ಇದಕ್ಕೂ ಮೊದಲು ಅವಳು ಬೀಜದ ಕಂಪನಿಗಳ ಪ್ಯಾಕೆಟ್ಟಿಗೆ ಬದನೆಕಾಯಿ, ಟೊಮೆಟೊ ಫೋಟೋ ತೆಗೆಯುತ್ತಿದ್ದಳು. ಬದನೆಕಾಯಿ ಬಹಳ ಸಭ್ಯ ಜೀವ. ಒಂದಿಷ್ಟು ಎಣ್ಣೆ ಸವರಿ ಕೂರಿಸಿದರೆ ಕೂತಿರುತ್ತದೆ, ನನ್ನ ಹೆಸರು ಸಣ್ಣದಾಗಿ ಕಾಣುತ್ತಿದೆ ಎಂದು ತಕರಾರು ತೆಗೆಯುವುದಿಲ್ಲ. ಲೇಖಕರು ಹಾಗಲ್ಲ. ಹುಟ್ಟಿದಾಗಿನಿಂದ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಕುಡಿದವರಿಗೂ ಪುಸ್ತಕದ ಪಕ್ಕ ಕಾಫಿ ಮಗ್ ಬೇಕು. ಏಪ್ರಿಲ್ ತಿಂಗಳ ರಾಣೆಬೆನ್ನೂರಿನಲ್ಲಿ ಕಿಟಕಿಯ ಗಾಜಿನ ಮೇಲೆ ಮಳೆಹನಿ ಬೇಕು. ಪುಷ್ಪಲತಾ ಪಿಚಕಾರಿಯಿಂದ ನೀರು ಹೊಡೆದು ಮಳೆ ತರಿಸುತ್ತಿದ್ದಳು. ಕವಿ ಅದರ ಕೆಳಗೆ 'ಮೊದಲ ಮಳೆ, ಮೊದಲ ಪ್ರತಿ' ಎಂದು ಬರೆದುಕೊಂಡು ಕೃತಾರ್ಥನಾಗುತ್ತಿದ್ದ.

ಅವಳು ಈವರೆಗೆ ಒಂದು ಪುಸ್ತಕವನ್ನೂ ಓದಿರಲಿಲ್ಲ. ಮುಚ್ಚುಮರೆ ಏನೂ ಇರಲಿಲ್ಲ. "ಓದಿದ್ರ ಹಾಳಿ ಮುದುರ್ತಾವ್ರಿ, ಫೋಟೋದಾಗ ಚಂದ ಕಾಣೂದಿಲ್ಲ" ಎಂದು ಲೇಖಕರ ಮುಖಕ್ಕೇ ಹೇಳುತ್ತಿದ್ದಳು. ಲೇಖಕರೂ ಅದನ್ನು ಒಪ್ಪುತ್ತಿದ್ದರು.

ಮೆಣಸಿನಕಾಯಿ ಸುಗ್ಗಿ ಜೋರಾಗಿ ನಡೆದಿದ್ದಾಗ ಬ್ಯಾಡಗಿಯಿಂದ ಶೇಖಪ್ಪ ಸಾವಕಾರರು ಬಂದರು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ದಲಾಲಿ ಅಂಗಡಿ ನಡೆಸಿ, ಈಗ ಅದನ್ನು ಅಳಿಯನ ಕೈಗೆ ಕೊಟ್ಟು ಆತ್ಮಕಥೆ ಬರೆದಿದ್ದರು. ಹೆಸರು 'ಘಾಟಿನ ಬದುಕು'. ಕೆಳಗೆ ಸಣ್ಣಕ್ಷರದಲ್ಲಿ 'ಒಂದು ತುಂಬು ಜೀವನದ ಕಥನ'. ಮುಖಪುಟದ ತುಂಬ ಅವರದೇ ಮುಖ: ಜರಿ ರುಮಾಲು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಎಲ್ಲವನ್ನೂ ಕ್ಷಮಿಸಿಬಿಟ್ಟವರಂಥ ಒಂದು ನಗೆ.

"ನೋಡವ್ವಾ ಪುಷ್ಪಾ," ಎಂದರು ಸಾವಕಾರರು ಕುರ್ಚಿಯಲ್ಲಿ ಕೂತು. "ನನಗ ಸಾವಿರ ಮಂದಿ ನೋಡೂದು ಬ್ಯಾಡ. ಒಬ್ಬಾಂವ ನೋಡಿದ್ರ ಸಾಕು."

"ಯಾರ್ರಿ ಅವ್ರು?"

"ಸಲಾವುದ್ದೀನ ಅಂತ. ನನ್ನ ಪಾಲುದಾರ ಇದ್ದ. ಈಗ ಹಾವೇರ್‍ಯಾಗ ಖಾರ ಕುಟ್ಟೂ ಗಿರಣಿ ಇಟ್ಟಾನ. ಇಪ್ಪತ್ತು ವರ್ಷಾತು, ನನ್ನ ಕೂಡ ಮಾತಿಲ್ಲ. ನನ್ನ ಮಗಳ ಲಗ್ನಕ್ಕ ಬರಲಿಲ್ಲ. ದವಾಖಾನ್ಯಾಗ ಹದಿನೈದು ದಿನ ಬಿದ್ದಿದ್ದೆ, ನೋಡಾಕ ಬರಲಿಲ್ಲ. ಆದ್ರ ದಿನಾ ಫೋನ್ ನೋಡ್ತಾನಂತ. ಊಟಾ ಮಾಡುವಾಗೂ ಕೈಯಾಗ ಫೋನ್ ಇರತೈತಂತ."

"ಯಾಕ ಮಾತು ಬಿಟ್ರು?"

ಸಾವಕಾರರು ಗೋಡೆ ನೋಡಿದರು. "ಹಳೇ ಮಾಲು ಹೊಸಾ ಮಾಲಿನ ಚೀಲದ ತಳಕ್ಕ ಹೋಗಿತ್ತು. ಖರೀದಿದಾರ ಹಿಡದಾ. ಇಡೀ ಮಾರ್ಕೆಟ್ಟಿನ ಮುಂದ ನಾ ಅವನ ಹೆಸರು ಹೇಳಿದೆ. ತಪ್ಪು ಅವಂದಿದ್ದಿಲ್ಲ. ಎಲ್ಲಾ ಬಿಚ್ಚಿ ಬರದೇನಿ, ಹನ್ನೆರಡನೇ ಅಧ್ಯಾಯದಾಗ. ಅವ ಇದನ್ನ ನೋಡಬೇಕು. ನೋಡಿ ಒಮ್ಮೆ ನನ್ನ ಮನಿಗೆ ಬರಬೇಕು. ಅಷ್ಟ ನನ್ನ ಆಸೆ."

ಬ್ಯಾಡಗಿಯಿಂದ ಹಾವೇರಿಗೆ ಹೋಗಿ ಗಿರಣಿಯ ಬಾಗಿಲಲ್ಲಿ ನಿಂತು 'ತಪ್ಪಾತಪ್ಪಾ' ಎನ್ನಲಿಕ್ಕೆ ಅರ್ಧ ದಿನ ಸಾಕಿತ್ತು. ಅದು ಬಾಯಿಗೆ ಬಾರದೆ ಮನುಷ್ಯ ಇನ್ನೂರು ಚಿಲ್ಲರೆ ಪುಟ ಬರೆದು, ಅಚ್ಚು ಹಾಕಿಸಿ, ಈಗ ಫೋಟೋ ತೆಗೆಸಲು ಬಂದಿದ್ದ. ಸಾಹಿತ್ಯ ಹೀಗೂ ಹುಟ್ಟುತ್ತದೆ, ಏನು ಮಾಡುವುದು! ಪುಷ್ಪಲತಾಗೆ ಮಾತ್ರ ಆ ಮುದುಕನ ದನಿ ಕೇಳಿ ಪಾಪ ಎನಿಸಿತು. ಈ ಫೋಟೋ ಚಂದ ಬರಬೇಕು ಎಂದು ಮನಸ್ಸಿನಲ್ಲೇ ಪಣ ತೊಟ್ಟಳು. ಅಲ್ಲಿಗೇ ಎಡವಟ್ಟಾಯಿತು.

ಅವಳ ಪದ್ಧತಿ ಎಂದರೆ ಪುಸ್ತಕವನ್ನು ಬಟ್ಟೆಯ ಮೇಲೆ ಮಲಗಿಸಿ ಮೇಲಿನಿಂದ ತೆಗೆಯುವುದು. ಮಲಗಿಸಿದ್ದೇ ತಡ ಸಾವಕಾರರು ಹೌಹಾರಿದರು.

"ಏ, ಏ! ನನ್ನ ಮಾರಿ ಐತಿ ಅದರ ಮ್ಯಾಲ. ಅಂಗಾತ ಮಲಗಿಸಿದ್ರ ಹೆಣಾ ಮಲಗಿಸಿದಂಗ ಕಾಣತೈತಿ. ಅಪಶಕುನ! ಎಬ್ಬಿಸಿ ಕುಂದ್ರಸು."

ಸರಿ, ಎಬ್ಬಿಸಿ ಕೂರಿಸಿದಳು. ಮರದ ಮಣೆಯ ಮೇಲೆ ಬಿಳಿ ಮಡಿಬಟ್ಟೆ ಹಾಸಿ, ಗೋಡೆಗೆ ಒರಗಿಸಿ ಕೂರಿಸಿದಳು. ಸುತ್ತ ಅವರೇ ತಂದಿದ್ದ ಬ್ಯಾಡಗಿ ಮೆಣಸಿನಕಾಯಿ ಹರವಿದಳು. ವ್ಯಾಪಾರಸ್ಥರು ಸನ್ಮಾನದಲ್ಲಿ ಹಾಕಿದ್ದ ಗಂಧದ ಹಾರವನ್ನು ಸಾವಕಾರರು ಚೀಲದಿಂದ ಹೊರತೆಗೆದು, "ಇದನ್ನೂ ಹಾಕು, ಗೌರವ ಬರತೈತಿ" ಎಂದರು. ಹಾಕಿದಳು. ಬಲಗಡೆ ಖಾಲಿ ಖಾಲಿ ಕಂಡಿತು, ಅಲ್ಲಿ ಹಿತ್ತಾಳೆಯ ದೀಪ ಹಚ್ಚಿಟ್ಟಳು. ಬೆಳಕಿನಲ್ಲಿ ಒಂದಿಷ್ಟು ಹೊಗೆ ಆಡಿದರೆ ಫೋಟೋಗೆ ಜೀವ ಬರುತ್ತದೆ ಎಂಬುದು ಅವಳು ಕಂಡುಕೊಂಡಿದ್ದ ಗುಟ್ಟು. ನಾಲ್ಕು ಊದಿನಕಡ್ಡಿ ಹಚ್ಚಿದಳು. ಕೊನೆಗೆ ಕಂಪ್ಯೂಟರಿನಲ್ಲಿ ಮೆಣಸಿನಕಾಯಿಯ ಕೆಂಪು ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು-ಬಿಳುಪು ಮಾಡಿದಳು.

ಸಾವಕಾರರ ಕಣ್ಣು ತುಂಬಿ ಬಂತು. "ಏನ್ ಕಳೆ ಬಂದೈತಿ ಮಾರಿಗೆ!" ಎಂದರು.

ಲಿಂಗಾಯತರಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ದೀಪ ಇಡುತ್ತಾರೆ. ಇದನ್ನು ಸಾವಕಾರರು ಆಯುಷ್ಯದಲ್ಲಿ ನೂರು ಸಲ ನೋಡಿದ್ದರು. ಪುಷ್ಪಲತಾ ಅದೇ ಜಾತಿಯಲ್ಲಿ ಹುಟ್ಟಿ, ಅದೇ ಜಾತಿಯ ಮನೆಗೆ ಸೊಸೆಯಾಗಿ ಬಂದವಳು. ಆದರೆ ಒಬ್ಬರಿಗೆ ತಮ್ಮ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ, ಇನ್ನೊಬ್ಬಳಿಗೆ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ.

ಭಾನುವಾರ ಸಂಜೆ ಫೋಟೋ ಫೇಸ್‌ಬುಕ್ಕಿಗೆ ಏರಿತು. ಕೆಳಗೆ ಅವಳು ಪುಸ್ತಕದ ಮೇಲಿದ್ದುದನ್ನೇ ಬರೆದಳು: 'ಶೇಖಪ್ಪ ಸಾವಕಾರರು, ಬ್ಯಾಡಗಿ. ಒಂದು ತುಂಬು ಜೀವನ.'

ಸೋಮವಾರ ಬೆಳಿಗ್ಗೆ ಅವಳ ಅತ್ತೆ ನೀಲಗಂಗವ್ವ ಸೊಸೆಯ ಫೋನಿನಲ್ಲಿ ಪಂಚಾಂಗ ನೋಡಲು ಹೋಗಿ ಫೋಟೋ ನೋಡಿದರು. ಕೂಡಲೇ ಸೆರಗನ್ನು ಬಾಯಿಗೆ ಹಿಡಿದರು.

"ಅಯ್ಯ ಶಿವನ! ಯಾವಾಗ ಲಿಂಗೈಕ್ಯ ಆದ್ರ? ಮೊನ್ನೆ ಇಲ್ಲೇ ಕುಂತು ಚಾ ಕುಡದು ಹೋಗಿದ್ರಲ್ಲ!"

"ಯಾರ್ರಿ ಅತ್ತಿ?"

"ಬ್ಯಾಡಗಿ ಸಾವಕಾರ್ರು. ನೋಡಿಲ್ಲೆ, ಕುಂದ್ರಿಸ್ಯಾರಲ್ಲ."

ಪುಷ್ಪಲತಾ ಫೋನು ಕಸಿದುಕೊಂಡು ನೋಡಿದಳು. ಈಗ ಕಂಡಿತು. ಅಯ್ಯೋ, ಹೇಗೆ ಕಂಡಿತೆಂದರೆ, ಇನ್ನು ಬೇರೆ ಥರ ಕಾಣುವುದೇ ಸಾಧ್ಯವಿರಲಿಲ್ಲ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. 'ಓಂ ಶಾಂತಿ.' 'ಭಾವಪೂರ್ಣ ಶ್ರದ್ಧಾಂಜಲಿ.' 'ತುಂಬಲಾರದ ನಷ್ಟ.' ಅವಳು ತೆಗೆದ ಯಾವ ಫೋಟೋಗೂ ಇದರ ಹತ್ತರಲ್ಲಿ ಒಂದು ಪಾಲು ಲೈಕು ಬಂದಿರಲಿಲ್ಲ. ಜನ ಅದನ್ನು ತಮ್ಮ ತಮ್ಮ ವಾಟ್ಸಾಪ್ ಗುಂಪುಗಳಿಗೆ ಹಂಚಿ ಪುಣ್ಯ ಕಟ್ಟಿಕೊಂಡಿದ್ದರು. ತಾನು ಅಳಿಸಿದರೂ ಅವು ಅಳಿಯುವುದಿಲ್ಲ. ಸಾವಕಾರರಿಗೆ ಫೋನು ಹಚ್ಚಿದರೆ ಒಂದೇ ಸಮ ಎಂಗೇಜು. ಮುದುಕನಿಗೆ ಎದೆ ಒಡೆದು ಸುಳ್ಳು ನಿಜವಾಗಿಬಿಟ್ಟರೆ? ಕಾಲಿಗೆ ಬಿದ್ದಾದರೂ ಸರಿ ಎಂದುಕೊಂಡು ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಹೊರಟಳು.

ಸಾವಕಾರರ ಮನೆಯ ಮುಂದೆ ನಾಲ್ಕಾರು ಜೊತೆ ಚಪ್ಪಲಿ. ಒಳಗಿಂದ ಅವರ ಹೆಂಡತಿ ಗದಿಗೆವ್ವನ ಬೈಗಳು ಬೀದಿಗೆ ಕೇಳುತ್ತಿತ್ತು.

"ಬಂದ್ಯಾ, ಬಾ! ನೀನ ಅಲ್ಲ ಫೋಟೋ ತಗದಾಕಿ? ಮುಂಜಾನಿಂದ ಮಂದಿ ಬಂದು ನನ್ನ ಹಣಿ ನೋಡ್ತಾರ, ಕುಂಕುಮ ನೋಡ್ತಾರ, ಬಾಯಿ ಬಿಡ್ತಾರ. ನನ್ನ ಮುತ್ತೈದಿತನಾ ಹಾಳ ಮಾಡಾಕ ನಿನಗ ರೊಕ್ಕ ಬ್ಯಾರೆ ಕೊಟ್ಟಾನ ಈ ಮನಷ್ಯಾ!"

ಪುಷ್ಪಲತಾ ಅಳುವ ಹಾಗಾದಳು. "ತಪ್ಪಾತರಿ ಅವ್ವಾರ. ಈಗ ಅಳಿಸಿಬಿಡ್ತೇನ್ರಿ. ತಿದ್ದುಪಡಿ ಹಾಕ್ತೇನ್ರಿ."

"ಅಳಿಸಬ್ಯಾಡ!" ಎಂದಿತು ಪಡಸಾಲೆಯಿಂದ ಒಂದು ದನಿ.

ಸತ್ತ ಸಾವಕಾರರು ಗೋಡೆಗೆ ಒರಗಿ, ಕಾಲು ಚಾಚಿ, ಚುರುಮುರಿ ತಿನ್ನುತ್ತ ತಮ್ಮ ಶ್ರದ್ಧಾಂಜಲಿ ಓದುತ್ತಿದ್ದರು. ಎದೆ ಒಡೆಯುವುದಿರಲಿ, ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಕೇಳಿಲ್ಲೆ. ಹಾವೇರಿ ವಿಜಯಮಹಾಂತೇಶ ಗೊತ್ತಲ್ಲ, ಸಾಹಿತ್ಯ ಬಳಗದ ಅಧ್ಯಕ್ಷ? ಪುಸ್ತಕ ಬಿಡುಗಡೆಗೆ ಬರ್ರಿ ಅಂದ್ರ ಮೂರು ತಿಂಗಳು ಪುರುಸೊತ್ತಿಲ್ಲ ಅಂದಿದ್ದ. ಈಗ ನೋಡು, 'ಅವರ ಒಂದೊಂದು ಕವಿತೆಯೂ ನನ್ನ ಎದೆಯಲ್ಲಿ ಅನುರಣಿಸುತ್ತಿದೆ' ಅಂತ ಬರದಾನ. ನಾ ಜನ್ಮದಾಗ ಒಂದು ಕವಿತಾ ಬರದಿಲ್ಲ. ಬರೂ ರವಿವಾರ ನುಡಿನಮನ ಇಟ್ಟಾನಂತ. ಬಿಡುಗಡೆಗೆ ಸಿಗಲಾರದ ಸಭಾಭವನ ನುಡಿನಮನಕ್ಕ ಪುಕ್ಕಟೆ ಸಿಕ್ಕೈತಿ. ಅರವತ್ತು ಪುಸ್ತಕ ಬೇಕಂತ ಬ್ಯಾರೆ ಬರದಾನ."

"ಸಾವಕಾರ್ರ, ಇದು ಚಲೋ ಅಲ್ರಿ. ನನ್ನ ಹೆಸರು ಹಾಳಾಕ್ಕೈತಿ. ಜೀವಂತ ಇದ್ದವ್ರನ್ನ ಕೊಂದಾಕಿ ಅಂತಾರ. ಅಳಿಸ್ತೇನ್ರಿ."

ಸಾವಕಾರರು ಫೋನು ಕೆಳಗಿಟ್ಟರು. ನಗೆ ಹೋಗಿತ್ತು. ದನಿ ತಗ್ಗಿಸಿ ಹೇಳಿದರು: "ಸಂಜೀತನಕ ಇರಲೆವ್ವಾ. ಅವ ನೋಡಿರ್ತಾನ. ಇಷ್ಟು ವರ್ಷ ಬದುಕಿದ್ದವ್ನ ನೋಡಾಕ ಬರಲಿಲ್ಲ. ಸತ್ತವ್ನ ನೋಡಾಕರ ಬರ್ತಾನೋ ಇಲ್ಲೋ, ಅದೊಂದು ತಿಳಕೊಂಬಿಡ್ತೇನಿ."

"ಬರಲಿಲ್ಲ ಅಂದ್ರ?"

ಸಾವಕಾರರು ಚುರುಮುರಿ ತಟ್ಟೆಯನ್ನು ಅತ್ತ ಸರಿಸಿದರು.

ಗದಿಗೆವ್ವ ಬಾಗಿಲಿಗೆ ಬಂದವರನ್ನೆಲ್ಲ ಜೀವಂತ ಗಂಡನನ್ನು ತೋರಿಸಿ ಕಳಿಸುತ್ತಿದ್ದಳು. ಬಂದವರಿಗೆ ಸಂತೋಷ ಪಡಬೇಕೋ, ಕೆಲಸ ಬಿಟ್ಟು ಬಂದದ್ದಕ್ಕೆ ಸಿಟ್ಟಾಗಬೇಕೋ ತಿಳಿಯದು. "ಇರ್‍ಲಿ ಬಿಡ್ರಿ, ಒಳ್ಳೇದಾತು" ಎಂದು ಒಂದು ನಮೂನೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ತಂದ ಹಾರವನ್ನು ವಾಪಸು ಒಯ್ಯುವುದೋ ಬಿಡುವುದೋ ಎಂಬುದೂ ಒಂದು ಪ್ರಶ್ನೆಯೇ ಆಯಿತು. ಪುಷ್ಪಲತಾ ಮೂಲೆಯಲ್ಲಿ ಕೂತು, ಸಂಜೆ ಯಾವಾಗ ಆದೀತು ಎಂದು ಬಿಸಿಲು ನೋಡುತ್ತಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಳದಲ್ಲಿ ಆಟೋ ನಿಂತಿತು. ಬಿಳಿ ಟೊಪ್ಪಿಗೆ, ಮಡಿ ಜುಬ್ಬಾ ಹಾಕಿದ ಒಬ್ಬ ಮುದುಕ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಮಲ್ಲಿಗೆ ಹಾರ. ಇಳಿದವನೇ ಗದಿಗೆವ್ವನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತ ನಿಂತ.

"ವೈನಿ, ನನಗ ಲಗೂ ಗೊತ್ತಾಗಲಿಲ್ರಿ," ಎಂದ. "ಮಣ್ಣು ಆಗಿ ಹೋತೇನ್ರಿ?"

ಗದಿಗೆವ್ವ ಒಳಗೆ ಕೈ ತೋರಿಸಿದಳು.

ಸಲಾವುದ್ದೀನ ಒಳಗೆ ಬಂದ. ಗೋಡೆಗೆ ಒರಗಿ ಕೂತಿದ್ದ ಗೆಳೆಯನನ್ನು ಕಂಡ. ಆ ಹೆಣ, "ಸಲ್ಯಾ, ಬಂದ್ಯಾ?" ಎಂದಿತು.

ಸಲಾವುದ್ದೀನನ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಅದನ್ನು ಪುಷ್ಪಲತಾ ಕಣ್ಣಾರೆ ಕಂಡಳು. ಆಮೇಲೆ ಬಂದದ್ದು ಉರಿ.

"ಜೀವಂತ ಇದ್ದೀಯಲ್ಲೋ ಹಲ್ಕಟ್!"

"ಆ ಹುಡುಗಿ ಫೋಟೋ ತಗಿಯೂದ್ರಾಗ..."

"ಸತ್ತವ್ನ ಮಾಫ್ ಮಾಡಾಕ ಬಂದಿದ್ದೆ ನಾನು. ಬಸ್ಸಿನ್ಯಾಗ ಅಳಕೋತ ಬಂದೇನಿ, ಮಂದಿ ನೋಡಾಕತ್ತಿದ್ರು. ಜೀವಂತ ಇದ್ದವ್ನ ಮಾಫ್ ಮಾಡ್ತೇನಂತ ಯಾರು ಹೇಳ್ಯಾರ ನಿನಗ?" ಅವನು ತಿರುಗಿ ಬಾಗಿಲಿನತ್ತ ನಡೆದ.

"ತಡಿಯೋ! ಇದನ್ನ ಓದು!" ಸಾವಕಾರರು ಪುಸ್ತಕ ಹಿಡಿದುಕೊಂಡು ಹಿಂದೆಯೇ ಓಡಿದರು. "ನಿನ್ನ ಸಂಬಂಧನ ಬರದೇನಿ. ಹನ್ನೆರಡನೇ ಅಧ್ಯಾಯ. ಒಂದ ಸಲ ಓದು, ಆಮ್ಯಾಲ ಹೋಗು."

ಸಲಾವುದ್ದೀನ ಹೊಸ್ತಿಲಲ್ಲಿ ನಿಂತ. ಪುಸ್ತಕ ನೋಡಿದ, ಸಾವಕಾರರ ಮುಖ ನೋಡಿದ.

"ಶೇಕ್ಯಾ, ನನಗ ಓದಾಕ ಬರ್ತೈತೇನೋ?"

ಸಾವಕಾರರು ಚಾಚಿದ ಪುಸ್ತಕವನ್ನು ಹಾಗೇ ಹಿಡಿದು ನಿಂತರು.

"ಅಂಗಡ್ಯಾಗ ಇದ್ದಷ್ಟು ವರ್ಷ ಬಂದ ಪಟ್ಟಿ, ಬಂದ ಕಾಗದ ಓದಿ ಹೇಳಾಂವ ಯಾರಿದ್ದ? ನೀನ ಇದ್ದಿ. ನಾ ಹೆಬ್ಬೆಟ್ಟು ಒತ್ತತಿದ್ದೆ, ಮಸಿ ಹಿಡಿಯಾಂವ ನೀನ ಇದ್ದಿ. ಮರತೀ?"

ಸಾವಕಾರರು ಮರೆತಿದ್ದರು. ಖರೇನೇ ಮರೆತಿದ್ದರು. ಲೇಖಕರಾದ ದಿನದಿಂದ ಅವರಿಗೆ ಲೋಕದಲ್ಲಿ ಇರುವವರೆಲ್ಲ ಓದುಗರು ಎನಿಸಿಬಿಟ್ಟಿತ್ತು. ಯಾವ ಒಬ್ಬನಿಗಾಗಿ ಇಡೀ ಪುಸ್ತಕ ಬರೆದರೋ ಅವನು ಅಕ್ಷರ ಬಾರದವನು ಎಂಬುದು ಅಷ್ಟೂ ಪುಟ ಬರೆಯುವಾಗ ಒಮ್ಮೆಯೂ ನೆನಪಾಗಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಕುಂದ್ರು. ನಾ ಓದಿ ಹೇಳ್ತೇನಿ," ಎಂದರು.

ಸಲಾವುದ್ದೀನ ಕೂರಲಿಲ್ಲ, ಹೋಗಲೂ ಇಲ್ಲ. ಸಾವಕಾರರು ಕನ್ನಡಕ ಹಾಕಿಕೊಂಡು ಗಂಟಲು ಸರಿಮಾಡಿ ಓದಿದರು: "'ಕಾಲಚಕ್ರದ ಗತಿಯಲ್ಲಿ ಆತ್ಮೀಯ ಮಿತ್ರರೊಬ್ಬರೊಡನೆ ಕೆಲವು ತಪ್ಪು ತಿಳಿವಳಿಕೆಗಳು ಉಂಟಾಗಿ, ವಿಧಿಯ ಕೈವಾಡದಿಂದ ನಮ್ಮ ದಾರಿಗಳು ಕವಲೊಡೆದವು. ಅದರ ನೋವು ಇಂದಿಗೂ ನನ್ನನ್ನು ಕಾಡುತ್ತಿದೆ.'"

ಓದುತ್ತ ಓದುತ್ತ ಅವರ ದನಿ ಇಳಿಯಿತು. ಪುಸ್ತಕ ಓದದ ಪುಷ್ಪಲತಾಗೂ ತಿಳಿಯಿತು, ಇದರಲ್ಲಿ ಬಿಚ್ಚಿದ್ದು ಏನೂ ಇರಲಿಲ್ಲ. ಎಲ್ಲವನ್ನೂ ಮಡಚಿ, ಇಸ್ತ್ರಿ ಹಾಕಿ, ಪೆಟ್ಟಿಗೆಗೆ ಇಟ್ಟಿದ್ದರು.

"ಕಾಲಚಕ್ರ ಯಾರು?" ಎಂದು ಕೇಳಿದ ಸಲಾವುದ್ದೀನ. "ವಿಧಿ ಯಾರು? ಚೀಲಾ ತುಂಬಿಸಿದ್ದು ಅವರೇನು? ಮಾರ್ಕೆಟ್ಟಿನ್ಯಾಗ ನನ್ನ ಕಡೆ ಬಟ್ಟು ಮಾಡಿ ತೋರಿಸಿದ್ದು ವಿಧೀದ ಬಟ್ಟೇನು? ನನ್ನ ಮಕ್ಕಳು ಕಳ್ಳನ ಮಕ್ಕಳು ಅನಿಸಿಕೊಂಡು ಸಾಲಿಗೆ ಹೋದ್ರು. ಇದರಾಗ ನೀ ಎಲ್ಲಿದ್ದೀಯೋ ಶೇಕ್ಯಾ?"

ಸಾವಕಾರರು ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದರು. "ನಾನ ತುಂಬಿಸಿದ್ದೆ," ಎಂದರು. "ತಪ್ಪು ನಂದು."

"ನನಗ್ಯಾಕ ಹೇಳ್ತೀ? ನನಗ ಅವತ್ತ ಗೊತ್ತಿತ್ತು. ಯಾರ ಮುಂದ ನನ್ನ ಹೆಸರು ಹೇಳಿದ್ಯೋ ಅವರ ಮುಂದ ಹೇಳು."

ಪುಷ್ಪಲತಾಗೆ ಕಸುಬಿನ ಬುದ್ಧಿ ಸುಮ್ಮನಿರಲಿಲ್ಲ. "ವಿಡಿಯೋ ಮಾಡಲೇನ್ರಿ? ಎಲ್ಲಾರಿಗೂ ಮುಟ್ಟತೈತಿ," ಎಂದು ಫೋನು ಎತ್ತಿದಳು.

"ಬ್ಯಾಡವಾ ತಂಗಿ," ಎಂದ ಸಲಾವುದ್ದೀನ. "ಫೋನಿನ್ಯಾಗ ಇವ ಸತ್ತಾನ."

ಅಂದು ಸೋಮವಾರ, ಮಾರ್ಕೆಟ್ಟಿನ ದಿನ. ಮಾರ್ಕೆಟ್ಟಿನ ಅಂಗಳದ ತುಂಬ ಮೆಣಸಿನಕಾಯಿ ರಾಶಿ, ಚೀಲ, ಲಾರಿ, ಕೆಮ್ಮು. ಇಬ್ಬರು ಮುದುಕರು ಮುಂದೆ, ಪುಷ್ಪಲತಾ ಹಿಂದೆ. ಅವರು ಗೇಟು ದಾಟಿದ್ದೇ ತಡ ಹಮಾಲರೊಬ್ಬರು ಹೊತ್ತ ಚೀಲ ಕೆಳಗೆ ಹಾಕಿ, "ಏ, ಶೇಖಪ್ಪ ಸಾವಕಾರ್ರು! ಸತ್ತಿದ್ರಲ್ಲೋ!" ಎಂದು ಚೀರಿದರು. ಸುದ್ದಿ ಅಂಗಡಿಯಿಂದ ಅಂಗಡಿಗೆ ಹಾರಿತು. ಟೆಂಡರು ಬರೆಯುವವರು ಪೆನ್ನು ಬಿಟ್ಟು ಬಂದರು. ಖರೀದಿದಾರರು ಬಂದರು, ರೈತರು ಬಂದರು, ಚಹಾದವನು ಕೆಟಲಿ ಸಮೇತ ಬಂದ. ಸಾವಕಾರರು ಬದುಕಿದ್ದಾಗ ಪುಸ್ತಕ ಕೊಡುತ್ತೇನೆಂದರೆ ತಪ್ಪಿಸಿಕೊಂಡು ಓಡುತ್ತಿದ್ದ ಜನ, ಎದ್ದು ಬಂದ ಹೆಣ ನೋಡಲು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಿಂತರು. ಇಷ್ಟು ದೊಡ್ಡ ಸಭೆ ಜಿಲ್ಲೆಯ ಯಾವ ಲೇಖಕನಿಗೂ ಕೂಡಿರಲಿಕ್ಕಿಲ್ಲ.

ಸಾವಕಾರರು ಮೆಣಸಿನಕಾಯಿಯ ಘಾಟಿಗೆ ಎರಡು ಸಲ ಕೆಮ್ಮಿದರು. ಅಲ್ಲಿಂದಲೇ ತಿರುಗಿ ಹೋಗಿಬಿಡುತ್ತಾರೇನೋ ಎಂದು ಪುಷ್ಪಲತಾ ಹೆದರಿದಳು. ಸಲಾವುದ್ದೀನ ಕೈಕಟ್ಟಿ ನಿಂತಿದ್ದ.

"ಅವತ್ತ," ಎಂದರು ಸಾವಕಾರರು, "ಚೀಲದ ತಳಕ್ಕ ಹಳೇ ಮಾಲು ತುಂಬಿಸಿದಾಂವ ನಾನು. ಸಲಾವುದ್ದೀನಗ ಗೊತ್ತ ಇದ್ದಿಲ್ಲ. ಸಿಕ್ಕೊಂಡ ಮ್ಯಾಲ ಇಲ್ಲೇ ನಿಂತು ಇವನ ಹೆಸರು ಹೇಳಿದೆ. ಇವ ಕಳ್ಳಲ್ಲ. ಕಳ್ಳ ನಾನು."

ಇಷ್ಟೇ. ಕಾಲಚಕ್ರ ಇಲ್ಲ, ವಿಧಿ ಇಲ್ಲ, ಮುನ್ನುಡಿ ಬೆನ್ನುಡಿ ಇಲ್ಲ. ಗುಂಪಿನಲ್ಲಿದ್ದ ಹಳೆಯ ದಲಾಲರೊಬ್ಬರು ತಲೆ ತಗ್ಗಿಸಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪುಷ್ಪಲತಾಳ ಕೈ ರೂಢಿಯಂತೆ ಫೋನಿನ ಕಡೆ ಹೋಗಿ, ತಾನೇ ಹಿಂದೆ ಬಂತು.

ಸಾವಕಾರರು ಗೆಳೆಯನ ಕಡೆ ತಿರುಗಿದರು. "ಮನಿಗೆ ನಡಿ ಸಲ್ಯಾ. ಊಟಾ ಮಾಡಿ ಹೋಗು."

ಸಲಾವುದ್ದೀನ ಜುಬ್ಬಾದ ತೋಳಿನಿಂದ ಕಣ್ಣು ಒರೆಸಿಕೊಂಡ, ಘಾಟಿಗೋ ಮತ್ತೊಂದಕ್ಕೋ. ಆಮೇಲೆ ತಲೆ ಅಲ್ಲಾಡಿಸಿದ.

"ಊಟಾ ಒಲ್ಲೆ. ಅಷ್ಟು ಲಗೂ ಆಗೂದಿಲ್ಲ ನನಗ," ಎಂದ. "ಆದ್ರ ಇನ್ನ ನೀ ಖರೇ ಸತ್ತಾಗ ಬರತೇನಿ. ಮಣ್ಣು ಕೊಟ್ಟು ಹೋಗತೇನಿ."

ಅಷ್ಟು ಹೇಳಿ ಅವನು ಹಾವೇರಿ ಬಸ್ಸು ಹಿಡಿಯಲು ನಡೆದ. ಶೇಖಪ್ಪ ಸಾವಕಾರರು ಮೆಣಸಿನಕಾಯಿ ರಾಶಿಗಳ ನಡುವೆ ನಿಂತು, ಇಡೀ ಮಾರ್ಕೆಟ್ಟು ನೋಡುತ್ತಿದ್ದಂತೆ ಸಣ್ಣ ಮಗುವಿನ ಹಾಗೆ ಅತ್ತರು.